ಮಂಜೂರಾತಿ ಪತ್ರವನ್ನು ಕೊನೆಯವರೆಗೆ ಓದಿದವರು ಯಾರು?

ನಾನು ಸ್ಲೈಡ್ ತಂದಿಲ್ಲ. ಅದರ ಬದಲು ನಿಮ್ಮೆಲ್ಲರ ಕೈಗೂ ನಾಲ್ಕು ಪುಟದ ಒಂದು ಝೆರಾಕ್ಸ್ ಕೊಟ್ಟಿದ್ದೇನೆ. ಅದೊಂದು ಸಂಶೋಧನಾ ಯೋಜನೆಯ ಮಂಜೂರಾತಿ ಪತ್ರ, ನಾವು ಆಫೀಸಿನಲ್ಲಿ ಕರೆಯುವ ಹಾಗೆ ಸ್ಯಾಂಕ್ಷನ್ ಆರ್ಡರ್. ಹೆಸರು, ಊರು, ನಂಬರ್ ಎಲ್ಲದರ ಮೇಲೂ ಕಪ್ಪು ಬಳಿದಿದ್ದೇನೆ. ಉಳಿದದ್ದೆಲ್ಲ ಇದ್ದ ಹಾಗೇ ಇದೆ. ಈಗಲೇ ಓದಬೇಡಿ. ಮಡಚಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇಂಥ ಪತ್ರ ಬಂದ ದಿನ ಏನಾಗುತ್ತದೆ ಅಂತ ನಿಮಗೆ ಗೊತ್ತು. ವಿಜ್ಞಾನಿ ಮೊದಲ ಪುಟದಲ್ಲಿ ಮೊತ್ತ ನೋಡುತ್ತಾರೆ. ನಿರ್ದೇಶಕರು ದುಡ್ಡು ಕೊಟ್ಟ ಇಲಾಖೆ ಯಾವುದು ಅಂತ ನೋಡುತ್ತಾರೆ. ಅಕೌಂಟ್ಸ್‌ನವರು ಹಣ ಯಾವಾಗ ಬರುತ್ತೆ ಅಂತ ಕೇಳುತ್ತಾರೆ. ವಿಭಾಗದಲ್ಲಿ ಮೈಸೂರು ಪಾಕು ಹಂಚುತ್ತಾರೆ. ಆಮೇಲೆ ಪತ್ರದ ಎಡಗಡೆ ಎರಡು ತೂತು ಬಿದ್ದು ಅದು ಫೈಲು ಸೇರುತ್ತದೆ. ಮೂರನೇ ಪುಟದ ಷರತ್ತುಗಳನ್ನು ಓದುವವರು ಯಾರು? ಎರಡು ಮೂರು ವರ್ಷ ಆದಮೇಲೆ ಬರುವ ಆಡಿಟರ್. ಅವರು ಮಾತ್ರ ತಪ್ಪದೆ ಓದುತ್ತಾರೆ.

ಆಡಿಟರ್ ಓದುವುದಕ್ಕೆ ಮೊದಲು ನಾವು ಓದಬೇಕು. ಸಂಶೋಧನಾ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ತರಬೇತಿ ಅಂದರೆ ಮೊದಲಿಗೆ ಈ ಓದು. ನಾಯಕತ್ವ, ಸಂವಹನ ಕೌಶಲ, ಟೈಮ್ ಮ್ಯಾನೇಜ್‌ಮೆಂಟ್ ಅಂತ ಎರಡು ದಿನದ ಕಾರ್ಯಾಗಾರ ಮಾಡಿ, ಬ್ಯಾಗು ಪೆನ್ನು ಕೊಟ್ಟು ಕಳಿಸುವುದೇ ನಮ್ಮಲ್ಲಿ ಜಾಸ್ತಿ. ಅದು ಬೇಡ ಅಂತಲ್ಲ. ಆದರೆ ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಬರೋದು ಫೈಲು ಅಲ್ವಾ?

ನಾನು ಈ ಕೆಲಸಕ್ಕೆ ಬಂದದ್ದು ಹೀಗೇ, ಯಾವ ಲೆಕ್ಕಾಚಾರವೂ ಇಲ್ಲದೆ. ಎಂಎಸ್‌ಸಿ ಮುಗಿಸಿ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಎಕ್ಸೆಲ್ ಚೆನ್ನಾಗಿ ಬರುತ್ತೆ ಅಂತ ಆಫೀಸಿಗೆ ಕರೆದರು. ನನ್ನ ಜೊತೆ ಮಾತಾಡಿದವರಲ್ಲಿ ಹೆಚ್ಚಿನವರ ಕತೆಯೂ ಇದೇ. ಒಬ್ಬರು ಪಿಎಚ್‌ಡಿ ಮಾಡಿ ಲ್ಯಾಬಿನ ಬೆಂಚು ಸಾಕಾಗಿ ಬಂದವರು, ಇನ್ನೊಬ್ಬರು ಲೈಬ್ರರಿಯಿಂದ ಬಂದವರು, ಮತ್ತೊಬ್ಬರು ಕುಲಸಚಿವರ ಕಚೇರಿಯಿಂದ ಮೂರು ತಿಂಗಳಿಗೆ ಅಂತ ಬಂದು ಹದಿನಾಲ್ಕು ವರ್ಷ ಉಳಿದವರು.

ಮೊದಲ ವರ್ಷವೇ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಒಬ್ಬ ಪ್ರಾಧ್ಯಾಪಕರ ಯೋಜನೆಯಲ್ಲಿ ಪ್ರಯಾಣದ ಬಾಬ್ತಿನಲ್ಲಿ ಹಣ ಉಳಿದಿತ್ತು, ಕೆಮಿಕಲ್ಸ್ ಬಾಬ್ತು ಖಾಲಿಯಾಗಿತ್ತು. ಅವರು ಕೇಳಿದರು, ನಾನು ಟಿಪ್ಪಣಿ ಬರೆದೆ, ಮೇಲಿನವರು ಸಹಿ ಹಾಕಿದರು. 3 ಲಕ್ಷ 40 ಸಾವಿರ ರೂಪಾಯಿ ಅಲ್ಲಿಂದ ಇಲ್ಲಿಗೆ ಬಂತು. ಒಳ್ಳೆಯ ಕೆಲಸಕ್ಕೇ ಖರ್ಚಾಯಿತು, ಒಂದು ಪೈಸೆ ಪೋಲಾಗಲಿಲ್ಲ. ಎರಡು ವರ್ಷದ ಮೇಲೆ ಆಡಿಟರ್ ಬಂದರು. ಪತ್ರದ ಆರನೇ ಪ್ಯಾರಾದ ಮೇಲೆ ಪೆನ್ಸಿಲ್ ಇಟ್ಟರು. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ಬದಲಾಯಿಸುವ ಮೊದಲು ಹಣ ಕೊಟ್ಟ ಇಲಾಖೆಯ ಲಿಖಿತ ಒಪ್ಪಿಗೆ ಬೇಕು ಅಂತ ಅಲ್ಲಿ ಬರೆದಿತ್ತು. ಅಷ್ಟೂ ಹಣವನ್ನು ಸಂಸ್ಥೆ ತನ್ನ ಜೇಬಿನಿಂದ ಕಟ್ಟಿತು. ಒಂದು ಇಮೇಲ್ ಬರೆದಿದ್ದರೆ ಹದಿನೈದು ದಿನದಲ್ಲಿ ಒಪ್ಪಿಗೆ ಸಿಗುತ್ತಿತ್ತು. ಆ ಪ್ರಾಧ್ಯಾಪಕರು ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅದಕ್ಕಿಂತ ಬೇಜಾರಾದದ್ದು ನಮ್ಮ ಹಳೆಯ ಸೂಪರಿಂಟೆಂಡೆಂಟ್ ಹೇಳಿದ ಮಾತು. ‘ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?’ ಅಂದರು. ಎಲ್ಲರಿಗೂ ಗೊತ್ತಿತ್ತಂತೆ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಬಗ್ಗೆ ವಿಜ್ಞಾನಿಗಳು ಏನು ಹೇಳುತ್ತಾರೆ ಅಂತ ನಿಮಗೂ ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ. ದೆಹಲಿಯಿಂದ ಹಣ ಬಂದಿದೆ, ಈ ಆಫೀಸಿನವರು ಬಿಡ್ತಿಲ್ಲ ಅಂತ. ನಾನು ಮೊದಮೊದಲು ಸಿಟ್ಟಾಗುತ್ತಿದ್ದೆ. ಈಗ ಅದರಲ್ಲಿ ಅರ್ಧ ನಿಜ ಅನ್ನಿಸುತ್ತದೆ. ನಿಯಮ ಗೊತ್ತಿಲ್ಲದ ಪೂಜಾರಿ ಏನು ಮಾಡುತ್ತಾನೆ? ಬಾಗಿಲು ಹಾಕುತ್ತಾನೆ. ಗೊತ್ತಿಲ್ಲದಾಗ ‘ಆಗಲ್ಲ’ ಅನ್ನುವುದು ಎಲ್ಲಕ್ಕಿಂತ ಸುಲಭ, ಯಾಕಂದರೆ ‘ಆಗಲ್ಲ’ ಅಂದವರ ಮೇಲೆ ಯಾವ ಆಡಿಟರೂ ಆಕ್ಷೇಪಣೆ ಹಾಕಿದ್ದು ನಾನು ಕಂಡಿಲ್ಲ. ನಿಯಮ ಸರಿಯಾಗಿ ಗೊತ್ತಿರುವವರು ಮಾತ್ರ ‘ಹೀಗೆ ಆಗಲ್ಲ, ಹಾಗೆ ಮಾಡಿದರೆ ಆಗುತ್ತೆ’ ಅಂತ ಹೇಳಬಲ್ಲರು.

ದಿನಾಂಕಗಳಿಂದಲೇ ಶುರು ಮಾಡೋಣ. ಒಂದು ಯೋಜನೆ ಡಿಸೆಂಬರ್ 12ಕ್ಕೆ ಶುರುವಾಯಿತು ಅಂತ ಇಟ್ಟುಕೊಳ್ಳಿ. ವಿಜ್ಞಾನಿಯ ತಲೆಯಲ್ಲಿ ಮೊದಲ ವರ್ಷ ಮುಗಿಯುವುದು ಮುಂದಿನ ಡಿಸೆಂಬರ್ 11ಕ್ಕೆ. ಸರ್ಕಾರದ ಲೆಕ್ಕದಲ್ಲಿ ಮಾರ್ಚ್ 31ಕ್ಕೇ ಒಂದು ವರ್ಷ ಮುಗಿಯಿತು. ಆ ಮೂರೂವರೆ ತಿಂಗಳಲ್ಲಿ ಏನು ಖರ್ಚಾಗುತ್ತೆ? ಉಪಕರಣಕ್ಕೆ ಟೆಂಡರ್ ಕರೆದು ತೆರೆಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಒಬ್ಬಳು ವಿದ್ಯಾರ್ಥಿನಿ ಸೇರಿ ಎರಡು ತಿಂಗಳ ಫೆಲೋಶಿಪ್ ಹೋಗಿರುತ್ತೆ. ಈಗ ಯುಸಿ ಕಳಿಸಬೇಕು. ಯುಸಿ ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆ, ನಮ್ಮ ಅನ್ನದ ಬಟ್ಟಲು. ಅದರ ಜೊತೆಗೆ ಖರ್ಚಿನ ಪಟ್ಟಿ. ಹೇಗಿದ್ದರೂ ಏನೂ ಖರ್ಚಾಗಿಲ್ಲವಲ್ಲ, ಆಮೇಲೆ ನೋಡೋಣ ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ಅಕ್ಟೋಬರ್‌ನಲ್ಲಿ ನೆನಪಾಗುತ್ತದೆ. ಆಗ ಹಣಕಾಸು ಅಧಿಕಾರಿ ರಜೆಯಲ್ಲಿ, ಲೆಕ್ಕ ಪರಿಶೋಧಕರು ಬೇರೆ ಕಡೆ. ನವೆಂಬರ್ ಕೊನೆಗೆ ಯುಸಿ ಹೋಗುತ್ತೆ. ಅಲ್ಲಿಂದ ಉತ್ತರ ಬರುತ್ತೆ: ನಿಮ್ಮಲ್ಲಿ ಮೊದಲ ಕಂತಿನ ಹಣವೇ ಅಷ್ಟು ಉಳಿದಿದೆಯಲ್ಲ, ಎರಡನೇ ಕಂತು ಯಾಕೆ?

ಉಳಿದಿರುವುದು ಉಪಕರಣದ ಹಣ. ಸಂಬಳದ ಬಾಬ್ತು ಮಾತ್ರ ಡಿಸೆಂಬರ್‌ಗೆ ಖಾಲಿ. ಒಂದು ಬಾಬ್ತಿನಲ್ಲಿ ಲಕ್ಷಗಟ್ಟಲೆ ಹಣ ಇದೆ, ಅದರಲ್ಲಿ ಆ ಹುಡುಗಿಗೆ ತಿಂಗಳ 37 ಸಾವಿರ ಕೊಡಲು ಬರುವುದಿಲ್ಲ. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ ಮೊತ್ತ 31 ಸಾವಿರದಿಂದ 37 ಸಾವಿರ ಆಯಿತು ಅಂತ ಎಲ್ಲ ಪೇಪರಿನಲ್ಲೂ ಬಂತು. ನಾಲ್ಕು ತಿಂಗಳು ಬರದೇ ಇದ್ದರೆ ಆ 37 ಸಾವಿರ ಎಷ್ಟಾಯಿತು? ಸೊನ್ನೆ. ಪಿಜಿ ಓನರ್ ಯುಸಿ ಕತೆ ಕೇಳಲ್ಲ. ಆ ಹುಡುಗಿ ನನ್ನ ಮೇಜಿನ ಮುಂದೆ ನಿಂತು ‘ಸರ್ಕಾರ ಹಣ ಕೊಟ್ಟಿಲ್ವಾ?’ ಅಂತ ಕೇಳಿದಾಗ, ಸರ್ಕಾರ ಕೊಟ್ಟಿತ್ತಮ್ಮ, ನಾವು ಏಪ್ರಿಲ್‌ನಲ್ಲಿ ಕಳಿಸಬೇಕಾದ ಕಾಗದವನ್ನು ನವೆಂಬರ್‌ನಲ್ಲಿ ಕಳಿಸಿದೆವು ಅಂತ ಹೇಳುವ ಧೈರ್ಯ ನನಗಿರಲಿಲ್ಲ.

ಪತ್ರವನ್ನು ಮೊದಲ ದಿನವೇ ಓದಿದವರು ಏನು ಮಾಡುತ್ತಾರೆ? ಮೊಬೈಲಿನಲ್ಲಿ ಏಪ್ರಿಲ್ ಮೊದಲ ವಾರಕ್ಕೆ ಅಲಾರಂ ಇಡುತ್ತಾರೆ. ಉಪಕರಣದ ವಿವರಣೆಯನ್ನು ಹಣ ಬರುವ ಮೊದಲೇ ತಯಾರಿಟ್ಟುಕೊಳ್ಳಿ ಅಂತ ವಿಜ್ಞಾನಿಗೆ ಹೇಳುತ್ತಾರೆ. ಯುಸಿ ಕಳಿಸುವಾಗ ಆರ್ಡರ್ ಆಗಿ ಇನ್ನೂ ಬಿಲ್ಲು ಬರದ ಮೊತ್ತವನ್ನು ಬೇರೆ ಸಾಲಿನಲ್ಲಿ ತೋರಿಸುತ್ತಾರೆ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಇನ್ನೊಂದು ಕಷ್ಟ ಇದೆ. ನಿಯಮ ಗೊತ್ತಿದ್ದವರಿಗೇ ನಿಯಮ ಹಳತಾಗಿಬಿಡುತ್ತದೆ. ಮೊದಲು ಗ್ರಾಂಟ್ ಬಂದರೆ ಸಂಸ್ಥೆಯ ಖಾತೆಯಲ್ಲಿ ಕೂರುತ್ತಿತ್ತು, ಬಡ್ಡಿ ಬರುತ್ತಿತ್ತು. ಆ ಬಡ್ಡಿ ನಮ್ಮದೇ ಅಂದುಕೊಂಡ ಆಫೀಸುಗಳಿದ್ದವು. 2017ರ ಜಿಎಫ್‌ಆರ್ ಬಡ್ಡಿಯನ್ನು ಕೇಂದ್ರದ ಸಂಚಿತ ನಿಧಿಗೆ ಕಟ್ಟಲೇಬೇಕು ಅಂತ ಹೇಳಿತು. ಈಗ ಎಷ್ಟೋ ಯೋಜನೆಗಳಲ್ಲಿ ಹಣ ಖಾತೆಗೇ ಬರುವುದಿಲ್ಲ. ಶೂನ್ಯ ಬ್ಯಾಲೆನ್ಸ್ ಖಾತೆ, ಖರ್ಚಿಗೆ ಒಂದು ಮಿತಿ, ಬೇಕಾದಾಗ ಬೇಕಾದಷ್ಟು ಎಳೆದುಕೊಳ್ಳುವ ವ್ಯವಸ್ಥೆ. ಮಾರ್ಚ್ 31ಕ್ಕೆ ಬಳಸದ ಮಿತಿ ಹೋಯಿತು ಅಂತಲೇ ಲೆಕ್ಕ. ಇಪ್ಪತ್ತು ವರ್ಷದ ಅನುಭವ ಇರುವ ಅಕೌಂಟೆಂಟ್ ಹಣ ಎಲ್ಲಿಗೆ ಹೋಗುತ್ತೆ, ಉಳಿದದ್ದು ಮುಂದಿನ ವರ್ಷಕ್ಕೆ ಇದ್ದೇ ಇರುತ್ತೆ ಅಂತ ಧೈರ್ಯವಾಗಿರುತ್ತಾರೆ. ಅವರ ಅನುಭವವೇ ಅವರಿಗೆ ಹಳ್ಳ ತೋಡಿರುತ್ತದೆ.

ಜಿಎಸ್‌ಟಿ ವಿಷಯ ನೋಡಿ. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಶೇಕಡಾ 5ರ ರಿಯಾಯಿತಿ ದರ ಇತ್ತು. 2022ರ ಜುಲೈ 18ರಿಂದ ಅದು ಹೋಯಿತು, ಶೇಕಡಾ 18 ಆಯಿತು. 40 ಲಕ್ಷದ ಒಂದು ಮೈಕ್ರೋಸ್ಕೋಪ್‌ಗೆ ತೆರಿಗೆ 2 ಲಕ್ಷ ಅಂತ ಬಜೆಟ್ ಬರೆದವರಿಗೆ ಅದು 7 ಲಕ್ಷ 20 ಸಾವಿರ ಆಯಿತು. ಉಳಿದ 5 ಲಕ್ಷ 20 ಸಾವಿರ ಎಲ್ಲಿಂದ ತರುವುದು? ಪ್ರಸ್ತಾವ ಬರೆದದ್ದು 2020ರಲ್ಲಿ, ಮಂಜೂರಾದದ್ದು 2021ರಲ್ಲಿ, ಉಪಕರಣ ಬಂದದ್ದು 2022ರ ಆಗಸ್ಟ್‌ನಲ್ಲಿ ಅಂದರೆ ಯಾರ ತಪ್ಪು? ಯಾರದ್ದೂ ಅಲ್ಲ. ಆದರೆ ಜುಲೈ 18ಕ್ಕೆ ಮೊದಲೇ ಬಿಲ್ಲು ಮಾಡಿಸಿಕೊಂಡ ಆಫೀಸುಗಳೂ ಇದ್ದವು. ಜೂನ್ ಕೊನೆಯಲ್ಲಿ ಜಿಎಸ್‌ಟಿ ಮಂಡಳಿಯ ಸಭೆ ನಡೆದಾಗ ಆ ಆಫೀಸುಗಳಲ್ಲಿ ಯಾರೋ ಒಬ್ಬರು ಪೇಪರ್ ಓದಿದ್ದರು.

ಬದಲಾವಣೆ ನಮ್ಮ ಪರವಾಗಿಯೂ ಆಗುತ್ತದೆ ಅನ್ನೋದನ್ನು ಮರೆಯಬಾರದು. 2025ರ ಜೂನ್‌ನಲ್ಲಿ ಕೇಂದ್ರದ ವಿಜ್ಞಾನ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದರು. ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷ ಆಯಿತು. 200 ಕೋಟಿವರೆಗಿನ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಡುವ ಅಧಿಕಾರ ನಿರ್ದೇಶಕರಿಗೇ ಬಂತು. ಇಷ್ಟಾದ ಮೇಲೂ 1 ಲಕ್ಷದ 10 ಸಾವಿರದ ಒಂದು ಸೆಂಟ್ರಿಫ್ಯೂಜ್‌ಗೆ ಮೂರು ಕೊಟೇಶನ್ ತನ್ನಿ ಅಂತ ಪ್ರಾಧ್ಯಾಪಕರನ್ನು ಅಲೆಸಿದ ಆಫೀಸನ್ನು ನಾನು ಕಂಡಿದ್ದೇನೆ. ಹೆಸರು ಬೇಡ.

ಇಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಂದ ಬಂದವರು ತುಂಬಾ ಜನ ಇದ್ದೀರಿ. ನಿಮ್ಮದು ಅತ್ತ ದರಿ ಇತ್ತ ಪುಲಿ. ನಿಮ್ಮ ಖರೀದಿಗೆ 1999ರ ಕೆಟಿಪಿಪಿ, ಅಂದರೆ ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ ಇದೆ, ಹಣಕಾಸು ಅಧಿಕಾರಿ ರಾಜ್ಯದ ಲೆಕ್ಕಪತ್ರ ಇಲಾಖೆಯಿಂದ ಬಂದವರು, ಅವರಿಗೆ ಕರ್ನಾಟಕ ಆರ್ಥಿಕ ಸಂಹಿತೆ ಬಾಯಿಪಾಠ. ದೆಹಲಿಯಿಂದ ಬಂದ ಪತ್ರ ಜಿಎಫ್‌ಆರ್ ಪ್ರಕಾರ ಖರ್ಚು ಮಾಡಿ, ಕೇಂದ್ರದ ಆನ್‌ಲೈನ್ ಖರೀದಿ ತಾಣ ಜೆಮ್ ಪೋರ್ಟಲ್‌ನಲ್ಲಿ ಕೊಳ್ಳಿ ಅನ್ನುತ್ತದೆ. ಎರಡರಲ್ಲಿ ಯಾವುದು? ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಂಬಬೇಡಿ. ಆ ಪತ್ರದಲ್ಲಿ ಏನು ಬರೆದಿದೆ ಅಂತ ಓದಿ, ಹಣಕಾಸು ಅಧಿಕಾರಿಯ ಪಕ್ಕ ಕೂತು ಓದಿ, ಗೊಂದಲ ಇದ್ದರೆ ಹಣ ಕೊಟ್ಟವರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಫೈಲಿಗೆ ಹಾಕಿ. ಆ ಒಂದು ಹಾಳೆ ಐದು ವರ್ಷದ ಮೇಲೆ ನಿಮ್ಮನ್ನು ಕಾಪಾಡುತ್ತದೆ.

ಹಣ ಬಿಟ್ಟು ಬೇರೆಯದೂ ಇದೆ. ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ಸಮಿತಿ, ತಳಿ ಮಾರ್ಪಾಡಿಗೆ ಜೈವಿಕ ಸುರಕ್ಷತಾ ಸಮಿತಿ, ಪ್ರಾಣಿಗಳಿಗೆ ಇನ್ನೊಂದು, ವಿದೇಶಿ ಹಣದ ಆರೋಗ್ಯ ಸಂಶೋಧನೆಗೆ ದೆಹಲಿಯ ಸ್ಕ್ರೀನಿಂಗ್ ಸಮಿತಿ. ಇವುಗಳ ವಿವರಕ್ಕೆ ಇವತ್ತು ಹೋಗುವುದಿಲ್ಲ. ಒಂದು ಉದಾಹರಣೆ ಸಾಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪೌಷ್ಟಿಕತೆಯ ಬಗ್ಗೆ ಒಂದು ಅಧ್ಯಯನ, ವಿದೇಶಿ ಹಣ. ನಮ್ಮ ಸಂಸ್ಥೆಗೆ ಹಣ ಬಂದು ಅದರಲ್ಲಿ ಒಂದು ಪಾಲು ಅಲ್ಲಿನ ಸ್ವಯಂಸೇವಾ ಸಂಸ್ಥೆಗೆ ಹೋಗಬೇಕಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ದೇಣಿಗೆಯನ್ನು ಪಡೆದವರು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಆ ಹಳ್ಳಿಗಳಲ್ಲಿ ಮನೆಮನೆಗೆ ಹೋಗುತ್ತಿದ್ದ ಒಂಬತ್ತು ಜನರಿಗೆ ಮುಂದಿನ ತಿಂಗಳ ಸಂಬಳ ಹೇಗೆ ಕೊಡುವುದು ಅಂತ ನಾವು ಮೂರು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ಹಣ ಕೊಟ್ಟವರ ಜೊತೆ ಮಾತಾಡಿ ಬಜೆಟ್ಟನ್ನೇ ಹೊಸದಾಗಿ ಬರೆದೆವು, ಆ ಒಂಬತ್ತು ಜನ ನಮ್ಮ ಸಂಸ್ಥೆಯ ಯೋಜನಾ ಸಿಬ್ಬಂದಿ ಆದರು. ಇಂಥದ್ದನ್ನು ಯಾವ ಕೋರ್ಸಿನಲ್ಲಿ ಹೇಳಿಕೊಡುತ್ತಾರೆ?

ಕೋರ್ಸುಗಳೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಈ ಕೆಲಸ ಮಾಡುವವರು 1959ರಲ್ಲೇ ಎನ್‌ಸಿಯುಆರ್‌ಎ ಅಂತ ಸಂಘ ಕಟ್ಟಿಕೊಂಡರು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕೇಂದ್ರ ಸರ್ಕಾರದ ಹಣ ವಿಶ್ವವಿದ್ಯಾಲಯಗಳಿಗೆ ಹರಿಯತೊಡಗಿದಾಗ ಲೆಕ್ಕ ಇಡುವವರು ಬೇಕಾದರು ನೋಡಿ. 1993ರಿಂದ ಅಲ್ಲಿ ಪರೀಕ್ಷೆ ಬರೆದು ಪಡೆಯುವ ಸರ್ಟಿಫಿಕೇಟ್ ಇದೆ, ಈ ವಿಷಯದಲ್ಲೇ ಎಂಎಸ್ ಮಾಡಬಹುದು. ದಕ್ಷಿಣ ಆಫ್ರಿಕಾ ಕಡೆಯ ದೇಶಗಳು 2002ರಲ್ಲಿ ಸರಿಮಾ ಅಂತ ಸಂಘ ಮಾಡಿಕೊಂಡವು, ತಮ್ಮ ಕೆಲಸಕ್ಕೆ ಏನೇನು ಗೊತ್ತಿರಬೇಕು ಅನ್ನೋದನ್ನು ತಾವೇ ಕೂತು ಬರೆದರು. ಜಪಾನ್ ಸರ್ಕಾರ 2011ರ ಸುಮಾರಿಗೆ ವಿಶ್ವವಿದ್ಯಾಲಯಗಳಲ್ಲಿ ಈ ಹುದ್ದೆಗಳಿಗಾಗಿಯೇ ಹಣ ಕೊಡಲು ಶುರು ಮಾಡಿತು. ನಮ್ಮಲ್ಲಿ ಹೈದರಾಬಾದಿನ ಇಂಡಿಯಾ ಅಲಯನ್ಸ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಸೇರಿ ನಡೆಸುವ ಸಂಸ್ಥೆ, 2018ರಲ್ಲಿ ಸಂಶೋಧನಾ ನಿರ್ವಹಣೆಗೆ ಅಂತಲೇ ಒಂದು ಕಾರ್ಯಕ್ರಮ ತಂದಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಆವರಣದಲ್ಲಿ ಇದಕ್ಕೆ ಬೇರೆಯೇ ಕಚೇರಿ ಇದೆ. ಅಷ್ಟರಮಟ್ಟಿಗೆ ಖುಷಿ.

ನನ್ನ ತಕರಾರು ಒಂದೇ. ಹೊರಗಿನ ಪಠ್ಯವನ್ನು ಹಾಗೇ ತಂದು ಧಾರವಾಡದಲ್ಲೋ ಕಲಬುರಗಿಯಲ್ಲೋ ಪಾಠ ಮಾಡಿದರೆ ಉಪಯೋಗ ಇಲ್ಲ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಗ್ರಾಂಟಿನಲ್ಲಿ ವಿದೇಶಿ ಸಂಸ್ಥೆಗಳಿಗೆ ಓವರ್‌ಹೆಡ್, ಅಂದರೆ ಸಂಸ್ಥೆಯ ಮೇಲ್ಖರ್ಚಿನ ಪಾಲು, ಶೇಕಡಾ 8 ಅಂತ ತಿಳಿದಿರೋದು ಒಳ್ಳೆಯದೇ, ಅಂಥ ಗ್ರಾಂಟ್ ಬಂದಾಗ ಬೇಕಾಗುತ್ತದೆ. ಆದರೆ ನಿಮ್ಮ ಕಾಲೇಜಿಗೆ ಈ ವರ್ಷ ಬರೋದು ರಾಜ್ಯದ ವಿಜ್ಞಾನ ತಂತ್ರಜ್ಞಾನ ದಾರ್ಶನಿಕ ಸಮೂಹ ವಿಜಿಎಸ್‌ಟಿಯ ಹಣ, ದೆಹಲಿಯ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್‌ನ ಹಣ. ಮೊದಲು ಅದನ್ನು ಕಲಿಯೋಣ.

ನಾನು ಹೇಗೆ ಕಲಿಸುತ್ತೇನೆ ಅಂತ ಹೇಳುತ್ತೇನೆ. ಮೊದಲ ದಿನ ಪೂರ್ತಿ ಒಂದೇ ಪತ್ರ. ಒಬ್ಬರು ಗಟ್ಟಿಯಾಗಿ ಓದಬೇಕು, ಪ್ರತಿ ಪ್ಯಾರಾಕ್ಕೂ ‘ಇದರಿಂದ ಯಾರು, ಯಾವ ತಾರೀಕಿಗೆ, ಏನು ಮಾಡಬೇಕು’ ಅಂತ ಪಕ್ಕದಲ್ಲಿ ಬರೆಯಬೇಕು. ಕನ್ನಡದಲ್ಲೇ ಬರೆಯಿರಿ ಅನ್ನುತ್ತೇನೆ. ಇಂಗ್ಲಿಷಿನ ವಾಕ್ಯವನ್ನು ನೋಡಿ ಹಾಗೇ ನಕಲು ಮಾಡಬಹುದು, ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಆಗಿರಲೇಬೇಕು. ಎರಡನೇ ದಿನ ಒಂದು ಡಬ್ಬಿ ತುಂಬಾ ಹಳೆಯ ಬಿಲ್ಲುಗಳನ್ನು ಸುರಿದು ಕೈಯಲ್ಲೇ ಯುಸಿ ಮಾಡಿಸುತ್ತೇನೆ, ಕಂಪ್ಯೂಟರ್ ಇಲ್ಲ. ಸಾಧ್ಯವಾದರೆ ಒಬ್ಬ ವಿಜ್ಞಾನಿಯನ್ನೂ ಕೂರಿಸುತ್ತೇನೆ. ಅವರು ಮೊದಲ ಅರ್ಧ ಗಂಟೆ ಫೋನ್ ನೋಡುತ್ತಾರೆ. ಆಮೇಲೆ ‘ಅರೇ, ಇದು ಇದರಲ್ಲಿ ಇತ್ತಾ?’ ಅನ್ನುತ್ತಾರೆ.

ಮೂರನೇ ದಿನ ಲ್ಯಾಬಿಗೆ ಕಳಿಸುತ್ತೇನೆ. ಬೆಳಗ್ಗೆಯಿಂದ ಊಟದವರೆಗೆ ಸುಮ್ನೆ ಕೂತು ನೋಡುವುದು. ಒಂದು ಸೋಮವಾರ ಹೀಗೆ ಕಳಿಸಿದ್ದ ಕೇಸ್ ವರ್ಕರ್ ಒಬ್ಬರು ಅಲ್ಲಿ ಕಂಡದ್ದು ಕೇಳಿ. ಶುಕ್ರವಾರ ಸಂಜೆ 5 ಗಂಟೆ 40 ನಿಮಿಷಕ್ಕೆ ಗೇಟಿಗೆ ಒಂದು ಬಿಳಿ ಥರ್ಮೋಕೋಲ್ ಡಬ್ಬಿ ಬಂದಿದೆ. ಸ್ಟೋರ್ಸ್ 5ಕ್ಕೆ ಮುಚ್ಚಿದೆ. ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ನೀಟಾಗಿ ಬರೆದು ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟಿದ್ದಾರೆ. ಎರಡು ರಾತ್ರಿ ಅಲ್ಲ, ಮೂರು ರಾತ್ರಿ. ಸೋಮವಾರ ಹತ್ತೂವರೆಗೆ ಲ್ಯಾಬಿನಲ್ಲಿ ಟೇಪು ಕತ್ತರಿಸಿದಾಗ ಒಳಗೆ ಡ್ರೈ ಐಸ್ ಚೂರೂ ಇಲ್ಲ. ಮೂಲೆಯಲ್ಲಿ ಪುಟಾಣಿ ಟ್ಯೂಬುಗಳು, ಬೆಚ್ಚಗೆ. ತಣ್ಣಗೇ ಇರಬೇಕಾದ 85 ಸಾವಿರ ರೂಪಾಯಿಯ ಎನ್‌ಜೈಮ್. ಆ ವಿದ್ಯಾರ್ಥಿ ಏನೂ ಮಾತಾಡದೆ ಅದನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದನಂತೆ. ಈ ಕೇಸ್ ವರ್ಕರ್ ಎಷ್ಟೋ ವರ್ಷದಿಂದ ಆ ಎನ್‌ಜೈಮಿನ ಬಿಲ್ಲುಗಳನ್ನು ಪಾಸ್ ಮಾಡುತ್ತಿದ್ದವರು. ಡಬ್ಬಿ ನೋಡಿದ್ದು ಅವತ್ತೇ ಮೊದಲು. ಊಟಕ್ಕೂ ಹೋಗದೆ ಗೇಟಿಗೆ ಹೋಗಿ ಒಂದು ಹಾಳೆ ಅಂಟಿಸಿ ಬಂದರು: ‘ಬಿಳಿ ಡಬ್ಬಿ ಬಂದರೆ ಯಾವ ಹೊತ್ತಾದರೂ ಲ್ಯಾಬಿಗೆ ಫೋನ್ ಮಾಡಿ’, ಕೆಳಗೆ ನಾಲ್ಕು ನಂಬರ್. ಯಾರ ಅನುಮೋದನೆಯೂ ಇಲ್ಲ, ಟಿಪ್ಪಣಿಯೂ ಇಲ್ಲ.

ಆ ಕೇಸ್ ವರ್ಕರ್ ಈಗ ಅಲ್ಲಿಲ್ಲ. ಹನ್ನೊಂದು ತಿಂಗಳ ಗುತ್ತಿಗೆ, ನವೀಕರಣ ಪ್ರತಿ ಸಲ ಒಂದು ತಿಂಗಳು ತಡ, ಸಂಬಳ ಅದಕ್ಕೆ ತಕ್ಕ ಹಾಗೆ. ಒಂದು ಖಾಸಗಿ ಕ್ಲಿನಿಕಲ್ ಟ್ರಯಲ್ ಕಂಪನಿಗೆ ಹೋದರು. ಕಲಿಸಿದವರೆಲ್ಲ ಹೋಗಿಬಿಟ್ಟರೆ ಯಾಕೆ ಕಲಿಸಬೇಕು ಅಂತ ನಿರ್ದೇಶಕರೊಬ್ಬರು ನನ್ನನ್ನೇ ಕೇಳಿದರು. ಕಲಿಸದೇ ಇದ್ದವರು ಉಳಿದುಕೊಂಡರೆ ಏನು ಮಾಡ್ತೀರಿ ಸರ್ ಅಂದೆ. ನಕ್ಕರು. ಹುದ್ದೆ ಕಾಯಂ ಆಗಲಿಲ್ಲ, ಅದು ಬೇರೆ ಮಾತು. ಬಡ್ತಿ ಇಲ್ಲದ, ಹೆಸರೇ ಇಲ್ಲದ ಕೆಲಸಕ್ಕೆ ಎಷ್ಟು ತರಬೇತಿ ಕೊಟ್ಟರೂ ಅದು ಬೇರೆಯವರಿಗೆ ಜನ ತಯಾರು ಮಾಡಿಕೊಟ್ಟ ಹಾಗೆ. ಇದನ್ನು ಮೇಲಿನವರಿಗೆ ಹೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನನ್ನ ಮನವಿ ಇಷ್ಟು: ಪ್ರತಿ ಮೇಜಿನಲ್ಲೂ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇರಲಿ. ಎಡವಿದ್ದನ್ನೆಲ್ಲ ತಾರೀಕು ಹಾಕಿ ಬರೆಯಿರಿ. ಹೋಗುವವರು ಹೋಗಲಿ, ನೋಟ್‌ಬುಕ್ ಅಲ್ಲೇ ಇರಲಿ.

ಸರಿ, ಈಗ ಆ ಝೆರಾಕ್ಸ್ ಬಿಡಿಸಿ. ಮೂರನೇ ಪುಟ, ಒಂಬತ್ತನೇ ಪ್ಯಾರಾ. ಅದರಲ್ಲಿ ಎರಡು ತಾರೀಕುಗಳಿವೆ, ಒಂದು ಕಾಣುತ್ತದೆ, ಇನ್ನೊಂದನ್ನು ಲೆಕ್ಕ ಹಾಕಬೇಕು. ಹಿಂದಿನ ಸಾಲಿನಲ್ಲಿ ಕನ್ನಡಕ ಹುಡುಕುತ್ತಿದ್ದೀರಲ್ಲ ಮೇಡಂ, ನೀವೇ ಓದಿ. ಗಟ್ಟಿಯಾಗಿ.